ತಳಿ ಹೋಲಿಕೆ: ಸರಾಸರಿ ಇಳುವರಿಯನ್ನು ಎಷ್ಟು ನಂಬಬಹುದು?

ತಳಿ ಪ್ರಯೋಗಗಳ ಫಲಿತಾಂಶ ಪಟ್ಟಿಯ ಕೆಳಗೆ 'ಸಿ.ಡಿ.' ಎಂಬ ಅಂಕಿಯೊಂದಿರುತ್ತದೆ. ಅದನ್ನು ಗಮನಿಸದೆ, ಅತಿ ಹೆಚ್ಚು ಇಳುವರಿ ತೋರಿದ ತಳಿಯನ್ನಷ್ಟೇ ಗುರುತಿಸಿಕೊಳ್ಳುವುದು ಸಾಮಾನ್ಯ. ಹೊಸ ಬೀಜಕ್ಕೆ ಹಣ ಹಾಕುವ ಮುನ್ನ ಈ ಅಂಕಿಯ ಅರ್ಥ ತಿಳಿದಿರುವುದು ಒಳ್ಳೆಯದು.

ವ್ಯತ್ಯಾಸ ತಳಿಯದೋ, ಮಣ್ಣಿನದೋ?

ಒಂದೇ ತಳಿಯನ್ನು ಒಂದೇ ದಿನ ಬಿತ್ತಿ, ಒಂದೇ ಪ್ರಮಾಣದ ಗೊಬ್ಬರ ಕೊಟ್ಟರೂ ಹೊಲದ ಎಲ್ಲೆಡೆ ಇಳುವರಿ ಸಮನಾಗಿರುವುದಿಲ್ಲ. ತಗ್ಗಿನಲ್ಲಿ ತೇವ ಹೆಚ್ಚು. ದಿಬ್ಬದಲ್ಲಿ ಮೇಲ್ಮಣ್ಣು ಕೊಚ್ಚಿಹೋಗಿರುತ್ತದೆ. ತಳಿಯಿಂದಾದ ವ್ಯತ್ಯಾಸವನ್ನು ಇಂತಹ ಏರುಪೇರಿನಿಂದ ಬೇರ್ಪಡಿಸುವ ಲೆಕ್ಕವೇ 'ಅನಾಲಿಸಿಸ್ ಆಫ್ ವೇರಿಯನ್ಸ್', ಅಂದರೆ ವ್ಯತ್ಯಾಸಗಳ ವಿಶ್ಲೇಷಣೆ. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು ಸೇರಿದ ಆರ್. ಎ. ಫಿಶರ್ ಇದನ್ನು ರೂಪಿಸಿದರು. 1923ರಲ್ಲಿ ಆಲೂಗಡ್ಡೆ ತಳಿಗಳ ಗೊಬ್ಬರ ಪ್ರಯೋಗಕ್ಕೆ ಅನ್ವಯಿಸಿದರು. ಹೊಲದಲ್ಲಿ ಹುಟ್ಟಿದ ಈ ವಿಧಾನವನ್ನು ಇಂದು ಮನಶ್ಶಾಸ್ತ್ರಜ್ಞರೂ ಗುಂಪುಗಳ ಸರಾಸರಿ ಹೋಲಿಸಲು ಬಳಸುತ್ತಾರೆ.

ಒಂದು ಉದಾಹರಣೆ

ಇಳಿಜಾರು ಹೊಲವೊಂದನ್ನು ದಿಬ್ಬದಿಂದ ತಗ್ಗಿನವರೆಗೆ ನಾಲ್ಕು ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯಲ್ಲೂ ಮೂರು ರಾಗಿ ತಳಿಗಳನ್ನು 40 ಚದರ ಮೀಟರಿನ ತಾಕುಗಳಲ್ಲಿ ಬೆಳೆದಿದೆ ಎಂದಿಟ್ಟುಕೊಳ್ಳಿ. ಲೆಕ್ಕ ತಿಳಿಸಲು ಊಹಿಸಿದ ಇಳುವರಿ (ತಾಕಿಗೆ ಕಿ.ಗ್ರಾಂ) ಹೀಗಿದೆ:

ಪಟ್ಟಿ: 1, 2, 3, 4 — ಸರಾಸರಿ
ತಳಿ ಅ: 10, 12, 11, 15 — 12
ತಳಿ ಆ: 11, 13, 13, 15 — 13
ತಳಿ ಇ: 14, 15, 17, 18 — 16

ತಗ್ಗಿನ 4ನೇ ಪಟ್ಟಿಯಲ್ಲಿ 'ಅ' ತಳಿ 15 ಕಿ.ಗ್ರಾಂ ಕೊಟ್ಟರೆ, ದಿಬ್ಬದ 1ನೇ ಪಟ್ಟಿಯಲ್ಲಿ 'ಇ' ತಳಿ ಕೊಟ್ಟದ್ದು 14 ಮಾತ್ರ. ಆ ಎರಡು ತಾಕುಗಳನ್ನಷ್ಟೇ ನೋಡಿದವರು ಕಳಪೆ ತಳಿಯನ್ನೇ ಆರಿಸುತ್ತಿದ್ದರು!

ಪ್ರತಿ ತಾಕಿನ ಇಳುವರಿ ಒಟ್ಟು ಸರಾಸರಿಯಿಂದ (13.67) ಎಷ್ಟು ದೂರವಿದೆಯೆಂದು ನೋಡಿ, ಅದನ್ನು ವರ್ಗಮಾಡಿ ಕೂಡಿಸಿದರೆ 66.67 ಬರುತ್ತದೆ. ಇದರಲ್ಲಿ ತಳಿಗಳ ಪಾಲು 34.67, ಪಟ್ಟಿಗಳ ಪಾಲು 28.67. ಉಳಿದ 3.33 ಕಾರಣ ಗುರುತಿಸಲಾಗದ ಏರುಪೇರು. ತಳಿಗಳ ಪಾಲನ್ನು 2ರಿಂದ (ತಳಿಗಳ ಸಂಖ್ಯೆಗಿಂತ ಒಂದು ಕಡಿಮೆ), ಉಳಿಕೆಯನ್ನು 6ರಿಂದ ಭಾಗಿಸಿದರೆ 17.33 ಮತ್ತು 0.56 ಸಿಗುತ್ತವೆ. ಮೊದಲನೆಯದು ಎರಡನೆಯದರ ಸುಮಾರು 31 ಪಟ್ಟು. 5.14 ಪಟ್ಟು ಮೀರಿದರೇ ತಳಿಗಳಲ್ಲಿ ವ್ಯತ್ಯಾಸವಿದೆಯೆಂದು ಒಪ್ಪಬಹುದು. ತಳಿಗಳೆಲ್ಲ ಸಮನಾಗಿದ್ದರೆ ಅಷ್ಟು ಮೀರುವುದು ನೂರಕ್ಕೆ ಐದು ಸಲ ಮಾತ್ರ.

ಸಿ.ಡಿ. ಓದುವ ಬಗೆ

ಇಲ್ಲಿ ಸಿ.ಡಿ. 1.29 ಕಿ.ಗ್ರಾಂ. ಎರಡು ಸರಾಸರಿಗಳ ಅಂತರ ಇದಕ್ಕಿಂತ ಹೆಚ್ಚಿದ್ದರೆ ಮಾತ್ರ ಅದನ್ನು ತಳಿಯ ಗುಣವೆಂದು ನಂಬಬಹುದು. 'ಇ' ತಳಿ 'ಆ'ಗಿಂತ 3 ಕಿ.ಗ್ರಾಂ ಮುಂದಿದೆ, ಇದು ನಿಜವಾದ ಮೇಲುಗೈ. 'ಆ' ಮತ್ತು 'ಅ' ನಡುವಣ 1 ಕಿ.ಗ್ರಾಂ ಅಂತರ ನಂಬಿ ಬೀಜ ಬದಲಿಸುವಂತಿಲ್ಲ. ಅವೆರಡೂ ಸಮವೆಂದು ಇದರಿಂದ ಸಿದ್ಧವಾಗುವುದಿಲ್ಲ. ಈ ಪ್ರಯೋಗದಲ್ಲಿ ವ್ಯತ್ಯಾಸ ಖಚಿತವಾಗಿಲ್ಲ, ಅಷ್ಟೆ. ಪಟ್ಟಿಗಳ ಪಾಲನ್ನು ಬೇರ್ಪಡಿಸದಿದ್ದರೆ ಸಿ.ಡಿ. 3.02ಕ್ಕೆ ಏರಿ, 'ಆ' ತಳಿಗಿಂತ 'ಇ' ಮೇಲೆಂಬುದೂ ಖಚಿತವಾಗುತ್ತಿರಲಿಲ್ಲ.

ಪ್ರಾತ್ಯಕ್ಷಿಕೆ ಏರ್ಪಡಿಸುವವರಿಗೆ

1. ಪ್ರತಿ ತಳಿಯನ್ನೂ ಕನಿಷ್ಠ ಮೂರು-ನಾಲ್ಕು ಕಡೆ ಬಿತ್ತಬೇಕು.
2. ಪಟ್ಟಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಮಾಡಬೇಕು.
3. ಪಟ್ಟಿಯೊಳಗೆ ಯಾವ ತಾಕಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು.
4. ತಾಕುಗಳ ಫಸಲನ್ನು ಬೆರೆಸದೆ ಬೇರೆಬೇರೆಯಾಗಿ ತೂಗಬೇಕು.
5. ಒಂದೇ ಹಂಗಾಮಿನ ಫಲಿತಾಂಶದಿಂದ ತೀರ್ಮಾನಿಸದೆ, ಇನ್ನೊಂದು ಹಂಗಾಮಿನಲ್ಲೂ ಪರೀಕ್ಷಿಸಬೇಕು.