ಮನೆಗೆ ಬಂದ ಮೇಲೂ ಎಚ್ಚರ ತಪ್ಪಬೇಡಿ

ಚಿತ್ತವಿಕಲತೆಯಿಂದ ಆಸ್ಪತ್ರೆ ಸೇರಿದ್ದ ಮಗ ಮನೆಗೆ ಮರಳಿದ್ದಾನೆ. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ತಗ್ಗಿವೆ, ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ. ಇನ್ನು ಭಯವಿಲ್ಲ ಎಂದು ನೀವು ನಿರಾಳವಾಗುತ್ತೀರಿ. ಆದರೆ ಇಂಥ ರೋಗಿಗಳಲ್ಲಿ ಆತ್ಮಹತ್ಯೆಯ ಅಪಾಯ ಅತಿ ಹೆಚ್ಚಾಗಿರುವುದು ಆಸ್ಪತ್ರೆಯಿಂದ ಬಂದ ಮೊದಲ ಕೆಲವು ವಾರಗಳಲ್ಲಿಯೇ.

ಇದೇಕೆ ಹೀಗೆ? ಭ್ರಮೆ ಇಳಿದು ಅರಿವು ಮರಳಿದಾಗ, ಓದು ನಿಂತಿತು, ಮದುವೆಯಾಗದು, ಊರವರು ಹುಚ್ಚನೆನ್ನುತ್ತಾರೆ ಎಂಬ ಚಿಂತೆ ಕಾಡುತ್ತದೆ. ಕೆಲವರಿಗೆ ‘ಸಾಯಿ’ ಎನ್ನುವ ದನಿ ಪೂರ್ತಿ ನಿಂತಿರುವುದಿಲ್ಲ. ಇನ್ನು ಕೆಲವರಿಗೆ ಔಷಧಿಯಿಂದ ಕೂತಲ್ಲಿ ಕೂರಲಾಗದ ಚಡಪಡಿಕೆ ಉಂಟಾಗುತ್ತದೆ. ಇದಕ್ಕೆ ಪರಿಹಾರವಿದೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ. ಸ್ಕಿಜೋಫ್ರೇನಿಯ ಇರುವ 100 ಜನರಲ್ಲಿ ಸುಮಾರು 5 ಮಂದಿ ಆತ್ಮಹತ್ಯೆಯಿಂದ ಸಾಯುತ್ತಾರೆ. ಇವುಗಳಲ್ಲಿ ಅನೇಕ ಸಾವುಗಳನ್ನು ತಡೆಯಬಹುದು. ಅಪಾಯ ಹೆಚ್ಚಿರುವವರಿಗೆ ಕ್ಲೋಜಪಿನ್ ಎಂಬ ಔಷಧಿ ನೆರವಾಗುತ್ತದೆ. ಅದಕ್ಕೆ ಆಗಾಗ ರಕ್ತ ಪರೀಕ್ಷೆ ಅಗತ್ಯ.

ಮನೆಯವರು ಮೊದಲು ಮಾಡಬೇಕಾದ ಕೆಲಸವೊಂದಿದೆ. ಸಿಂಧನೂರು, ಮಸ್ಕಿಯ ಭತ್ತದ ಗದ್ದೆಯಿರಲಿ, ಲಿಂಗಸುಗೂರಿನ ತೊಗರಿ ಹೊಲವಿರಲಿ, ಬೆಳೆಗೆ ಹೊಡೆಯುವ ‘ಎಣ್ಣೆ’ಯ ಡಬ್ಬಿ ಎಷ್ಟೋ ಮನೆಗಳ ಮೂಲೆಯಲ್ಲೇ ಇರುತ್ತದೆ. ರೋಗಿ ಬರುವ ಮೊದಲೇ ಅದನ್ನು ಬೇರೆಯವರಲ್ಲಿ ಬೀಗ ಹಾಕಿಸಿಡಿ. ಸಾಯುವ ಆವೇಗ ಬಹುಮಟ್ಟಿಗೆ ಕೆಲಹೊತ್ತಿನದು. ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಮಾತ್ರೆಗಳೂ ಮನೆಯ ಹಿರಿಯರೊಬ್ಬರ ಕೈಯಲ್ಲಿರಲಿ.

‘ಸಾಯಬೇಕು ಅನ್ನಿಸುತ್ತದೆಯೇನಪ್ಪಾ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಮನಸ್ಸು ಹಗುರಾಗುತ್ತದೆ. ಹೌದೆಂದರೆ ಗದರಬೇಡಿ, ಒಂಟಿಯಾಗಿ ಬಿಡಬೇಡಿ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಬಿಡುಗಡೆಯಾದ ಒಂದು ವಾರದೊಳಗೆ ಮರುತಪಾಸಣೆ ಆಗಲಿ. ಮಾನಸಿಕ ಚಿಕಿತ್ಸೆ ದೂರದ ಬೆಂಗಳೂರಿನಲ್ಲಷ್ಟೇ ಎಂಬ ಕಾಲ ಇದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ನೆರೆಯ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಮಾದರಿಯಾಗಿ, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ. ರಾಯಚೂರಿನ ರಿಮ್ಸ್ ಆಸ್ಪತ್ರೆಯೂ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.

ಒಂದು ವೇಳೆ ವಿಷ ಸೇವಿಸಿದ್ದರೆ ವಾಂತಿ ಮಾಡಿಸಲು ಹೋಗದೆ, ಡಬ್ಬಿಯೊಡನೆ ಕೂಡಲೇ ಆಸ್ಪತ್ರೆಗೆ ಧಾವಿಸಿ. ಕೇಸಾದೀತೆಂದು ಅಂಜಿ ತಡಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಇಂಥವರನ್ನು ತೀವ್ರ ಒತ್ತಡದಲ್ಲಿರುವವರೆಂದೇ ಭಾವಿಸುತ್ತದೆ. ಅವರಿಗೆ ಬೇಕಾದ್ದು ಶಿಕ್ಷೆಯಲ್ಲ, ಆರೈಕೆ.