ಹೊಡೆದವರೇ ಹೇಳದೆ ಹೋದ ಲೆಕ್ಕ

2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರು ಉರುಳಿದ್ದು ನೆನಪಿದೆಯಲ್ಲ? ಅವತ್ತು ಕೊಟ್ಟೂರು, ಕೂಡ್ಲಿಗಿ ಕಡೆಯಿಂದ ಫೋನಿನಲ್ಲಿ ಸಿಕ್ಕವರೆಲ್ಲ ಕಣ್ಣಾರೆ ಕಂಡವರೇ. ಆದರೆ ಒಬ್ಬೊಬ್ಬರದು ಒಂದೊಂದು ಕಥೆ. ಯಾರೂ ಸುಳ್ಳು ಹೇಳ್ತಿರಲಿಲ್ಲ. ನೆಲದ ಮೇಲೆ ನಿಂತು ನೋಡಿದವರದೇ ಹೀಗಾದರೆ, ಯುದ್ಧವಿಮಾನದಲ್ಲಿ ಜೀವ ಕೈಯಲ್ಲಿ ಹಿಡಿದು ಹಾರುವ ಪೈಲಟ್ ಹೇಳಿದ್ದನ್ನು ಎಷ್ಟು ನಂಬೋದು?

1940ರ ಸೆಪ್ಟೆಂಬರ್ 15ರಂದು 185 ಜರ್ಮನ್ ವಿಮಾನ ಉರುಳಿಸಿದ್ದೇವೆ ಎಂದಿತು ಬ್ರಿಟನ್. ಯುದ್ಧ ಮುಗಿದ ಮೇಲೆ ಜರ್ಮನರ ಕಡತ ತೆಗೆದರೆ ಸುಮಾರು 60! ಒಂದೇ ವಿಮಾನಕ್ಕೆ ಇಬ್ಬರು ಮೂವರು ಗುಂಡು ಹಾರಿಸಿ, ಎಲ್ಲರೂ ತಮ್ಮ ಲೆಕ್ಕಕ್ಕೆ ಬರೆದುಕೊಂಡಿದ್ದರು. ಅದಕ್ಕೇ ಪೈಲಟ್ ಹೇಳಿಕೆಯನ್ನು ಎದುರಾಳಿಯ ನಷ್ಟದ ಪಟ್ಟಿ ಪಕ್ಕ ಇಟ್ಟು ದಿನ, ಹೊತ್ತು, ಜಾಗ, ವಿಮಾನದ ಮಾದರಿ ತಾಳೆ ನೋಡಬೇಕು.

ಸಾಮಾನ್ಯವಾಗಿ ಹೇಳಿಕೆ ಇರುತ್ತೆ, ಬಿದ್ದ ವಿಮಾನ ಸಿಗಲ್ಲ. ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ವಿಷಯದಲ್ಲಿ ಇದು ಉಲ್ಟಾ.

1965ರ ಸೆಪ್ಟೆಂಬರ್ 7. ಪಂಜಾಬಿನ ಆದಂಪುರದಿಂದ ಹೊರಟ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಬೆಳಗ್ಗೆಯೇ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿ ಮಾಡಿದವು. ನಾಯಕ ಓ.ಪಿ. ತನೇಜಾ. ದೇವಯ್ಯ ಬದಲಿ ಪೈಲಟ್. ಒಂದು ವಿಮಾನ ಹಿಂದೆ ಸರಿದಿದ್ದಕ್ಕೆ ಸೇರಿಕೊಂಡರು. ಉಳಿದವರು ಮರಳಿದರು, ಅವರು ಬರಲಿಲ್ಲ. ನಮ್ಮ ಕಡತದಲ್ಲಿ ಉಳಿದಿದ್ದು 'ನಾಪತ್ತೆ' ಅನ್ನೋ ಮಾತು.

ಅದೇ ಬೆಳಗ್ಗೆ ಪಾಕಿಸ್ತಾನ ಒಂದು ಎಫ್-104 ಸ್ಟಾರ್‌ಫೈಟರ್ ಕಳೆದುಕೊಂಡಿತ್ತು. ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ನಮ್ಮ ಕಡೆ ಅದನ್ನು 'ನಾನು ಹೊಡೆದೆ' ಎಂದವರೇ ಇಲ್ಲ.

1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಈ ಯುದ್ಧದ ಬಗ್ಗೆ ಪುಸ್ತಕ ಬರೆದರು, ಅದೂ ಪಾಕಿಸ್ತಾನ ವಾಯುಪಡೆಯ ನೆರವಿನಿಂದ. ಏಟು ತಿಂದ ಮಿಸ್ಟೇರ್ ಒಂದು ತಿರುಗಿಬಿದ್ದು ಸ್ಟಾರ್‌ಫೈಟರ್ ಅನ್ನೇ ಹೊಡೆಯಿತು ಎಂದು ಅದರಲ್ಲಿತ್ತು. ಎಂಜಿನಿಯರಿಂಗ್ ಓದಿದ ನನಗೆ ಮೊದಲು ಇದು ನಂಬಿಕೆಗೆ ಬರಲಿಲ್ಲ. ಸ್ಟಾರ್‌ಫೈಟರ್ ವೇಗ ಶಬ್ದದ ಎರಡು ಪಟ್ಟು. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲ್ಲ. ಆದರೆ ಸ್ಟಾರ್‌ಫೈಟರ್ ರೆಕ್ಕೆ ತೀರಾ ಚಿಕ್ಕದು. ವೇಗ ಇಳಿಸಿ ಸುತ್ತು ಹೊಡೆಯುವ ಕಾಳಗಕ್ಕೆ ಇಳಿದರೆ ಅದು ಮಿಸ್ಟೇರ್‌ನಷ್ಟು ಚಿಕ್ಕದಾಗಿ ತಿರುಗಲಾರದು.

ಹಾಗಾದರೆ ಆ ಮಿಸ್ಟೇರ್ ಯಾರದು? ಆ ದಾಳಿಯಿಂದ ಬಾರದೆ ಉಳಿದವರು ಒಬ್ಬರೇ! ನಮ್ಮ ದೇವಯ್ಯನವರ ಸಾಹಸಕ್ಕೆ ಸಾಕ್ಷಿ ಸಿಕ್ಕಿದ್ದು ಎದುರಾಳಿಯ ನಷ್ಟದ ಪಟ್ಟಿಯಲ್ಲಿ.

ತನೇಜಾ ಸುಮ್ಮನೆ ಕೂರದೆ ವಾಯುಪಡೆಗೆ ಬರೆದರು. 1988ರಲ್ಲಿ, ಅಂದರೆ 23 ವರ್ಷಗಳ ಮೇಲೆ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಪತ್ನಿ ಸುಂದರಿ ದೇವಯ್ಯ ಅದನ್ನು ಸ್ವೀಕರಿಸಿದರು.