ನಾಯಿಯ ಬಾಯಲ್ಲಿ 42 ಹಲ್ಲು

ಮಕ್ಕಳೇ, ನಮ್ಮ ಬಾಯಲ್ಲಿ 32 ಹಲ್ಲು. (ಅಜ್ಜಂದಿರ ಲೆಕ್ಕ ಬೇರೆ, ಬಿಡಿ!) ಬೆಳೆದ ನಾಯಿಗೆ 42, ಬೆಕ್ಕಿಗೆ 30. ನಾಯಿಮರಿಯ ಹಾಲುಹಲ್ಲು 28.

ನಾಯಿಯ ಬಾಯಿ ನಾರುವುದು ಸಹಜವೆಂದು ಹಲವರು ಸುಮ್ಮನಾಗುತ್ತಾರೆ. ಸಹಜವಲ್ಲ. ಹಲ್ಲಿನ ಪಾಚಿ ಕೆಲವೇ ದಿನಗಳಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ. ಅದು ವಸಡಿನ ಕೆಳಗಿಳಿದರೆ ಕೀವು, ನೋವು, ಹಲ್ಲು ಸಡಿಲ. ಪ್ರಾಣಿ ಬಾಯಿಬಿಟ್ಟು ಹೇಳೀತೇ? ಒಂದೇ ಪಕ್ಕದಲ್ಲಿ ಅಗಿಯುತ್ತದೆ. ತಟ್ಟೆಯವರೆಗೆ ಬಂದು, ಮೂಸಿ, ಹಿಂದೆ ಸರಿಯುತ್ತದೆ. 'ವಯಸ್ಸಾಯಿತು, ಹಸಿವಿಲ್ಲ' ಎಂದುಕೊಳ್ಳುತ್ತೇವೆ. ಪಾಪ, ಅದಕ್ಕೆ ಹಸಿವಿರುತ್ತದೆ! ಊಟ ಹಾಕುವ ಅಜ್ಜಿಯಂದಿರೇ ಇದನ್ನು ಮೊದಲು ಕಂಡುಹಿಡಿಯಬಲ್ಲವರು.

ಪಶುವೈದ್ಯರು ಹಲ್ಲು ಶುಚಿಮಾಡುವಾಗ ಅರಿವಳಿಕೆ ಕೊಡುತ್ತಾರೆ. ಹಲ್ಲಿಗೆ ಇಷ್ಟೆಲ್ಲ ಏಕೆಂದು ಹಿರಿಯರು ಹುಬ್ಬೇರಿಸುವುದುಂಟು. 'ಆ' ಅನ್ನು ಎಂದರೆ ನಾಯಿ ಅರ್ಧ ಗಂಟೆ ಅಂದೀತೇ? ಅರಿವಳಿಕೆ ತಡೆಯುವ ಶಕ್ತಿಯಿದೆಯೇ ಎಂದು ತಿಳಿಯಲು ಮೊದಲೇ ರಕ್ತಪರೀಕ್ಷೆ. ನೀರು ಶ್ವಾಸಕೋಶಕ್ಕೆ ಇಳಿಯದಂತೆ ಗಂಟಲಿಗೆ ಕೊಳವೆ. ಆಮೇಲೆ ಅತಿವೇಗವಾಗಿ ಕಂಪಿಸುವ ಸ್ಕೇಲರ್ ಆ ಗಾರೆಯನ್ನು ಉದುರಿಸುತ್ತದೆ. ಬೇರು ನೋಡಲು ಎಕ್ಸ್‌ರೇ. ಕೊನೆಗೆ ಪಾಲಿಷ್, ಹಲ್ಲು ಒರಟಾಗಿದ್ದರೆ ಕೊಳೆ ಮತ್ತೆ ಬೇಗ ಅಂಟುತ್ತದೆ.

ಮನೆಯಲ್ಲಿ ಹಲ್ಲುಜ್ಜಬಹುದು, ಆದರೆ ನಿಮ್ಮ ಪೇಸ್ಟ್ ಬೇಡ. ನಾಯಿಗೆ ಉಗುಳಲು ಬಾರದು; ಕೆಲವು ಪೇಸ್ಟ್‌ಗಳಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿ ಅದಕ್ಕೆ ವಿಷ. ಅವುಗಳಿಗೆಂದೇ ಕೋಳಿಮಾಂಸದ ರುಚಿಯ ಪೇಸ್ಟ್ ಸಿಗುತ್ತದೆ. ಸಸ್ಯಾಹಾರಿ ಅಜ್ಜಿಯರು ಮೂಗು ಮುಚ್ಚಿಕೊಂಡು ಉಜ್ಜಲಿ!